ಕುಚ್ಚಲಕ್ಕಿಗೆ ಕಾವಲು

ತಮ್ಮ ಕಣ್ಣಿಗೆ ಮಣ್ಣೆರಚುವವನು ಠಾಣೆ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ವರ್ತಕ ನಗರದ ಜಯಶೀಲರ ಘನ ನಂಬಿಕೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ತಲೆ ನರೆಸಿಕೊಂಡವರು ಅವರು. ಹಾಲಿನವನ ಮೇಲೆ ಗುಮಾನಿ, ಲಿಫ್ಟ್ ರಿಪೇರಿಯವನ ಮೇಲೆ ಗುಮಾನಿ, ಹವಾಮಾನ ವರದಿಯ ಮೇಲಂತೂ ಎರಡು ಪಟ್ಟು ಗುಮಾನಿ! ಹೆಂಡತಿ ಜಯಲತಾ ಒಬ್ಬರ ಮೇಲೆ ಮಾತ್ರ ಗುಮಾನಿಯಿಲ್ಲ. ಅದಕ್ಕೆ ಕಾರಣ ನಂಬಿಕೆಯಲ್ಲ, ಹೆದರಿಕೆ.

ಆ ಭಾನುವಾರ ಮೇಲಿನ ಮಹಡಿಯ ನಿಶ್ಮಿತಾ, ಅವಳ ಕಾಲೇಜಿನ ಹಿತೇಶ್ ಬಾಗಿಲು ತಟ್ಟಿದರು. ತುರ್ಭೆಯ ಕೂಲಿ ಕುಟುಂಬಗಳಿಗೆ ಹಂಚಲು ವಸತಿ ಸೊಸೈಟಿಯ ಹುಡುಗರೆಲ್ಲ ಸೇರಿ ಮನೆಮನೆಯಿಂದ ದವಸ ಕೂಡಿಸುತ್ತಿದ್ದರು. ಜಯಲತಾ ಹಿಂದೆಮುಂದೆ ನೋಡದೆ ಉಡುಪಿಯಿಂದ ಬಂದ ಕುಚ್ಚಲಕ್ಕಿಯ ಚೀಲವನ್ನೇ ಎತ್ತಿಕೊಟ್ಟರು.

"ಎಂತ ಮಾರಾಯ್ತಿ, ಊರಿನ ಅಕ್ಕಿ ಅದು. ನಾಕಾ ದಾಟುವ ಮೊದಲೇ ಇವರು ಅದನ್ನು ಮಾರಿ ಪಿಜ್ಜಾ ತಿಂತಾರೆ."

"ತಿನ್ನಲಿ ಬಿಡಿ. ಯಾರದ್ದಾದರೂ ಹೊಟ್ಟೆ ತುಂಬ್ತದಲ್ಲ."

"ಅದು ಹೇಗೆ ತಿಂತಾರೆ, ನಾನೂ ನೋಡ್ತೇನೆ" ಎಂದು ಜಯಶೀಲರು ಚಪ್ಪಲಿ ಮೆಟ್ಟಿ, ದವಸದ ಟೆಂಪೋ ಹತ್ತಿಯೇ ಬಿಟ್ಟರು.

"ಅಂಕಲ್, ಭರೋಸಾ ನಹೀ ಹೈ ಕ್ಯಾ?" ನಿಶ್ಮಿತಾ ಕೇಳಿದಳು.

"ನಂಬಿಕೆ ಉಂಟು. ಆದರೂ ಬರ್ತೇನೆ."

ದಾರಿಯುದ್ದಕ್ಕೂ ಚೀಲ ಅವರ ತೊಡೆಯ ಮೇಲಿತ್ತು. ಐರೋಲಿಯಲ್ಲಿ ಹಿತೇಶ್ ಟೆಂಪೋ ನಿಲ್ಲಿಸಿದಾಗ, ಸಿಕ್ಕಿಬಿದ್ದ ಕಳ್ಳ ಎಂದು ಜಯಶೀಲರ ಎದೆ ಉಬ್ಬಿತು. ಅವನು ಚಹಾ ಕುಡಿದು, ಅವರಿಗೂ ಒಂದು ತಂದುಕೊಟ್ಟ. ಅವರಿಗೆ ನಿಜಕ್ಕೂ ನಿರಾಸೆಯಾಯಿತು.

ತುರ್ಭೆಯಲ್ಲಿ ಚೀಲ ಹೋದದ್ದು ರಾಯಚೂರು ಕಡೆಯ ಹಮಾಲ ಯಂಕಣ್ಣನ ಮನೆಗೆ. ಅವನ ಹೆಂಡತಿ ಚಂದ್ರಬಾಯಿ ಚೀಲ ಬಿಚ್ಚಿ, ಒಂದು ಹಿಡಿ ಅಕ್ಕಿಯನ್ನು ಬೆಳಕಿಗೆ ಹಿಡಿದಳು.

"ಇದೇನ್ರೀ, ಕೆಂಪಗ ದಪ್ಪಗ ಐತಿ? ನೀರಾಗ ನೆಂದು ಕೆಟ್ಟದ್ದೇನು?"

"ಕೆಟ್ಟದ್ದಲ್ಲಮ್ಮ, ಕುಚ್ಚಲಕ್ಕಿ. ನಾವು ಉಣ್ಣುವುದೇ ಇದನ್ನು. ಭಾರೀ ಒಳ್ಳೆಯದು."

"ಅಷ್ಟು ಛಲೋ ಇದ್ರ ನಮಗ್ಯಾಕ ಕೊಟ್ರಿ?"

ಯಂಕಣ್ಣ ಮೆಲ್ಲಗೆ ಹೇಳಿದ: "ಹೋದ ವರ್ಷ ಯಾರೋ ಹುಳ ಹಿಡಿದ ಹಿಟ್ಟು ಕೊಟ್ಟು, ಫೋಟೋ ತಕ್ಕೊಂಡು ಹೋದ್ರು. ಧರ್ಮಕ್ಕ ಕೊಟ್ಟೋರು ಬೆನ್ನಹತ್ತಿ ಬರಂಗಿಲ್ರೀ. ನೀವು ಬಂದೀರಿ ಅಂದ್ರ ಏನೋ ಐತಿ."

ಅಕ್ಕಪಕ್ಕದವರು ತಮ್ಮ ಕೈಯಲ್ಲಿದ್ದ ಚೀಲಗಳನ್ನೂ ಒಂದೊಂದಾಗಿ ನೆಲಕ್ಕಿಟ್ಟರು. ನಿಶ್ಮಿತಾಳ ಮುಖ ಬಾಡಿತು. ವಾರವಿಡೀ ಬಾಗಿಲು ಬಾಗಿಲು ಅಲೆದು ಕೂಡಿಸಿದ್ದೆಲ್ಲ ಹಾಗೆಯೇ ಹಿಂದಕ್ಕೆ ಹೋಗುವ ಲಕ್ಷಣ ಕಾಣುತ್ತಿತ್ತು.

"ಅಂಕಲ್, ಆಪ್ ಆಯೇ ಹೀ ಕ್ಯೂಂ?" ಇವರು ಬಂದದ್ದೇ ತಪ್ಪಾಯಿತೆಂದು ಅವಳು ಸಿಡುಕಿದಳು.

ಪರೀಕ್ಷೆಗೆಂದು ಚಂದ್ರಬಾಯಿ ಸ್ವಲ್ಪ ಅಕ್ಕಿ ಬೇಯಲಿಟ್ಟಳು. ಮಾಮೂಲಿ ಅಕ್ಕಿಯಾಗಿದ್ದರೆ ಅನ್ನವಾಗಿ ಆರಿಯೂ ಹೋಗುತ್ತಿತ್ತು. ಇದು ಮಾತ್ರ ಒಲೆಯ ಮೇಲೂ ಕಲ್ಲಿನಂತೆಯೇ ಇತ್ತು. "ಪ್ಲಾಸ್ಟಿಕ್ ಅಕ್ಕಿ ಇದು" ಎಂದು ಯಾರೋ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಹಿತೇಶ್ ಇಣುಕಿ ನೋಡಿದ.

"ಅಂಕಲ್, ಯೇ ತೋ ಆಪ್‌ನೇ ಭೀ ಸೊಸೈಟಿ ಗ್ರೂಪ್‌ ಮೇ ಡಾಲಾ ಥಾ."

ಆ ವಿಡಿಯೋವನ್ನು ತಾವೇ ಗ್ರೂಪಿಗೆ ಹಾಕಿದ್ದ ಜಯಶೀಲರು ಬೆವರುತ್ತ ಹೆಂಡತಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಜಯಲತಾರ ದನಿ ಇಡೀ ಗಲ್ಲಿಗೆ ಕೇಳಿಸಿತು.

"ಕುಚ್ಚಲಕ್ಕಿ ಒಂದು ಗಂಟೆಯಾದರೂ ಬೇಯಬೇಕು ಮಾರಾಯ್ರೆ. ಇಷ್ಟು ವರ್ಷ ಉಂಡದ್ದಲ್ಲದೆ ಒಂದು ದಿನ ಒಲೆಯ ಹತ್ತಿರ ಬಂದದ್ದುಂಟಾ ನೀವು?"

"ತಾಸುಗಟ್ಟಲೆ ಗ್ಯಾಸ್ ಸುಟ್ರ ಅಕ್ಕಿ ಫುಕಟ್ ಹೆಂಗಾತ್ರಿ?" ಚಂದ್ರಬಾಯಿ ಕೇಳಿದಳು. ಜಯಶೀಲರು ಸಿಲಿಂಡರಿನ ಖರ್ಚು ತಮ್ಮದೆಂದು ಒಪ್ಪಿಕೊಂಡು, ಸೌಟು ಹಿಡಿದು ತಾವೇ ನಿಂತರು. ಎಲ್ಲರನ್ನೂ ಕಾಯುತ್ತಿದ್ದ ಮನುಷ್ಯನನ್ನು ಈಗ ಇಡೀ ಗಲ್ಲಿಯೇ ಕಾಯುತ್ತಿತ್ತು! ಜೀವಮಾನದಲ್ಲಿ ಅವರಿಗೆ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಕೊನೆಗೂ ಅಗುಳು ಅರಳಿತು. ಚಂದ್ರಬಾಯಿ ತಟ್ಟೆಗೆ ಬಡಿಸಿ, ಶೇಂಗಾ ಚಟ್ನಿ ಹಾಕಿ, ಅವರ ಮುಂದೆಯೇ ಇಟ್ಟಳು.

"ಮೊದಲ ನೀವು ಉಣ್ರಿ."

ಹಸಿದಿದ್ದ ಜಯಶೀಲರು ಒಂದಗುಳು ಬಿಡದೆ ಉಂಡರು. ಕೈ ತೊಳೆದು, ಗೆದ್ದವರ ಗತ್ತಿನಲ್ಲಿ ಕೇಳಿದರು:

"ಈಗ ನಂಬಿಕೆ ಬಂತಾ?"

ಚಂದ್ರಬಾಯಿ ಅವರ ಮುಖ ನೋಡಿದಳು, ಹೊಟ್ಟೆ ನೋಡಿದಳು, ಪ್ಲಾಸ್ಟಿಕ್ ಸ್ಟೂಲು ಎಳೆದು ಹಾಕಿದಳು.

"ಇಷ್ಟು ಲಗೂನ ಹೆಂಗ ಬರತೈತ್ರಿ? ಕುಂದರ್ರಿ. ಅರ್ಧ ತಾಸು ನೋಡ್ತೀವಿ, ನಿಮಗ ಏನಾರ ಆಗತೈತೇನಂತ."

ಜಯಶೀಲರು ತೆಪ್ಪಗೆ ಕೂತರು. ಅವಳ ಜಾಗದಲ್ಲಿ ತಾವಿದ್ದಿದ್ದರೆ ಮರುದಿನದವರೆಗೂ ಕೂರಿಸುತ್ತಿದ್ದರು.