ಅಜ್ಜಿ ಚಪ್ಪಲಿ ಕಾಯದ ದಿನ

ನಮ್ಮ ಮನೆಯಲ್ಲಿ ಯಾರೂ ನಗಿಸಬೇಕೆಂದು ಏನನ್ನೂ ಮಾಡುವುದಿಲ್ಲ. ಎಲ್ಲರೂ ಬಹಳ ಗಂಭೀರವಾಗಿಯೇ ಕೆಲಸಕ್ಕೆ ಇಳಿಯುತ್ತಾರೆ. ನಡುವೆ ಎಲ್ಲೋ ಅದು ಹಾಗಾಗಿಬಿಡುತ್ತದೆ.

ನಾನು ಹೊಳನಗದ್ದೆಯವ. ಕುಮಟಾದಿಂದ ಭಟ್ಕಳದವರೆಗೆ ಪ್ರವಾಸಿಗರ ವ್ಯಾನು ಓಡಿಸುತ್ತೇನೆ. ಈ ಹೆದ್ದಾರಿಯಲ್ಲಿ ನನ್ನಷ್ಟು ಚಂದ ಓಡಿಸುವವ ಇನ್ನೊಬ್ಬ ಇದ್ದರೆ ತೋರಿಸಿ, ಅವನಿಗೆ ನಾನೇ ಚಾ ಕುಡಿಸುತ್ತೇನೆ. ಹದಿನಾಲ್ಕು ಜನರ ಸಂಸಾರವನ್ನು ಬೆಳಗಿನ ತಿಂಡಿಯಿಂದ ಸಂಜೆಯ ರೈಲಿನವರೆಗೆ ಒಂದು ಜಗಳವೂ ಆಗದಂತೆ ಸುತ್ತಿಸಿ ಕಳಿಸಿದವ ನಾನು. ಅಂಥವನಿಗೆ ನಮ್ಮ ಮನೆಯ ಮೂವರನ್ನು ಕೊಚ್ಚಿಯ ಥೀಮ್ ಪಾರ್ಕಿಗೆ ಕರೆದೊಯ್ಯುವುದು ಯಾವ ಲೆಕ್ಕ ಎಂದುಕೊಂಡಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಎಲ್ಲಾದರೂ ನನ್ನ ತಪ್ಪು ಕಂಡರೆ ಅದು ಓದುವವರ ದೋಷ.

ಫೋಟೋದಲ್ಲಿ ಇಲ್ಲದವಳು

ನಮ್ಮ ಮನೆಯ ಫೋಟೋಗಳಲ್ಲಿ ಅಜ್ಜಿ ಇಲ್ಲ. ಅಪ್ಪನ ತಾಯಿ, ಎಂಬತ್ತರ ಹತ್ತಿರದವಳು. ಮುರ್ಡೇಶ್ವರದ ಸಮುದ್ರದಲ್ಲಿ ನಾವೆಲ್ಲ ಸೊಂಟದವರೆಗೆ ನೀರಲ್ಲಿ ನಿಂತ ಫೋಟೋ ಇದೆ. ಕುಮಟಾಕ್ಕೆ ದೊಡ್ಡ ತೊಟ್ಟಿಲು, ಅಂದರೆ ಜೈಂಟ್ ವೀಲು, ಬಂದಾಗ ಅದರಲ್ಲಿ ಕೂತು ಕೈಬೀಸಿದ್ದೂ ಇದೆ. ಎಲ್ಲದರ ಮೂಲೆಯಲ್ಲೂ ಒಂದು ಚಪ್ಪಲಿ ರಾಶಿ ಕಾಣುತ್ತದೆ. ರಾಶಿ ಇದೆ ಎಂದರೆ ಅದರ ಪಕ್ಕ, ಫೋಟೋದ ಹೊರಗೆ, ಅಜ್ಜಿ ಕೂತಿದ್ದಾಳೆ ಎಂದು ತಿಳಿಯಬೇಕು.

ಅಕ್ಕನ ಮಗಳು ಬೇಸಿಗೆ ರಜೆಗೆಂದು ಹೊನ್ನಾವರದಿಂದ ನಮ್ಮಲ್ಲಿಗೆ ಬಂದಿದ್ದಳು. ಐದನೇ ಕ್ಲಾಸು ಮುಗಿಸಿದವಳು. ಕೊಚ್ಚಿಯ ಪಾರ್ಕಿನ ತೊಟ್ಟಿಲನ್ನು ಮೊಬೈಲಿನಲ್ಲಿ ಅಜ್ಜಿಗೆ ತೋರಿಸುತ್ತಿದ್ದಳು. ತೆಂಗಿನಮರದ ಮೇಲೆ ತೆಂಗಿನಮರ ಇಟ್ಟಷ್ಟು ಎತ್ತರ, ಬಾಗಿಲಿಲ್ಲದ ಕುರ್ಚಿಗಳು, ಮುಂದೆ ಒಂದು ಸರಳು. ಅಜ್ಜಿ ಅದನ್ನು ಮೂರು ಸಲ ನೋಡಿದಳು. ಆಮೇಲೆ ಅಕ್ಕಿ ಆರಿಸುವ ಮೊರದ ಕಡೆ ತಿರುಗಿ, ಯಾರಿಗೂ ಕೇಳಿಸಬಾರದೆನ್ನುವ ಹಾಗೆ ಕೇಳಿದಳು.

"ಅದ್ರಲ್ಲಿ ಮುದುಕ್ರನ್ನೂ ಕೂರಸ್ತ್ರಾ?"

ಅಜ್ಜಿ ತನಗೆಂದು ಏನನ್ನೋ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎದ್ದು ನಿಂತು, ನಿನ್ನನ್ನು ನಾನು ಕೂರಿಸುತ್ತೇನೆ, ಕೂರಿಸದಿದ್ದರೆ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಇಡೀ ಕೇರಿಗೆ ಕೇಳಿಸುವ ಹಾಗೆ ಹೇಳಿದೆ. ನನಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

ಅಜ್ಜಿ ಮೊರದಿಂದ ಕಣ್ಣೆತ್ತಲಿಲ್ಲ. "ಆತು. ಚಪ್ಪಲಿ ಯಾರು ಕಾಯೂದು ಹೇಳು ಮೊದ್ಲು."

ಕುಂಕುಮದ ಗೆರೆ

ಪಾರ್ಕಿಗೆ ಫೋನು ಮಾಡಿ ಎಲ್ಲವನ್ನೂ ಕೇಳಿದೆ. ಅಜ್ಜಿಯ ವಯಸ್ಸಿಗೆ ಅಡ್ಡಿಯಿಲ್ಲ, ಎದೆಯದ್ದು ಮತ್ತು ಬಿ.ಪಿ.ಯದ್ದು ತೊಂದರೆ ಇರಬಾರದು, ಅಷ್ಟೆ ಎಂದರು. ಕುಮಟಾದ ಡಾಕ್ಟರ ಹತ್ತಿರ ತೋರಿಸಿದೆವು. ಅವರು ಅಜ್ಜಿಯ ಬಿ.ಪಿ. ನೋಡಿ, ನನ್ನ ಮುಖ ನೋಡಿ, ನಿನ್ನದನ್ನೂ ಒಮ್ಮೆ ನೋಡಿಬಿಡುವ ಎಂದರು. ನಾನು ಬೇಡ ಎಂದೆ.

ತೊಂದರೆ ಇದ್ದದ್ದು ಹುಡುಗಿಯದ್ದು. ಆ ತೊಟ್ಟಿಲು ಹತ್ತಲು ನಾಲ್ಕೂವರೆ ಅಡಿ ಎತ್ತರ ಇರಬೇಕಂತೆ. ನಾನು ನಡುಮನೆಯ ಬಾಗಿಲಿನ ಚೌಕಟ್ಟಿಗೆ ಟೇಪು ಹಿಡಿದು, ಸರಿಯಾಗಿ ನಾಲ್ಕೂವರೆ ಅಡಿಗೆ ಕುಂಕುಮದಲ್ಲಿ ಗೆರೆ ಎಳೆದೆ. ಅಳೆದರೆ ಹುಡುಗಿ ಒಂದು ಬೆರಳು ಕಮ್ಮಿ. ಮರುದಿನ ಮನೆಗೆ ಬಂದ ನೆಂಟರೊಬ್ಬರು ಆ ಗೆರೆಗೆ ಕೈಮುಗಿದು ಒಳಗೆ ಬಂದರು. ನಾವೂ ಬೇಡ ಎನ್ನಲಿಲ್ಲ.

ಹೊರಡಲು ಒಂದು ತಿಂಗಳಿತ್ತು. ಅಪ್ಪ ಹುಡುಗಿಯನ್ನು ಪೇರಲೆ ಮರದ ಕೊಂಬೆಗೆ ಜೋತುಬೀಳಿಸಿದ. ಆಯಿ, ಅಂದರೆ ನನ್ನ ಅಮ್ಮ, ಎರಡು ಹೊತ್ತು ರಾಗಿ ಕುಡಿಸಿದಳು. ಕತಗಾಲದ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ಮರಕ್ಕೆ ಕಟ್ಟಿದರೆ ಮಕ್ಕಳು ಬೆಳೆಯುವುದಿಲ್ಲ, ನಿಲ್ಲುವುದು ಕಲಿಸಬೇಕು ಎಂದು ಅವರು ಮೂರು ಮಾತು ಹೇಳಿಕೊಟ್ಟರು. ಹಿಮ್ಮಡಿ ಗೋಡೆಗೆ. ಉಸಿರು ಒಳಗೆ. ನೆತ್ತಿ ಆಕಾಶಕ್ಕೆ. ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ದೇವರ ಶ್ಲೋಕಕ್ಕಿಂತ ಮೊದಲು ಈ ಮೂರು ಮಾತು ಕೇಳುತ್ತಿತ್ತು.

ಮೂರು ವಾರದಲ್ಲಿ ಬೆಳಿಗ್ಗೆ ಅವಳ ನೆತ್ತಿ ಗೆರೆ ಮುಟ್ಟಿತು. ಸಂಜೆ ಅಳೆದರೆ ಮತ್ತೆ ಕೆಳಗೆ. ಎಲ್ಲರೂ ಟೇಪಿನದೇ ತಪ್ಪು ಎಂದರು. ಮನುಷ್ಯ ಮಲಗಿದಾಗ ಉದ್ದವಾಗುತ್ತಾನೆ, ನಿಂತು ನಡೆದಂತೆ ಕುಸಿಯುತ್ತಾನೆ ಎಂಬುದನ್ನು ಕಂಡುಹಿಡಿದವ ನಾನು. ಮಾಸ್ತರು ಇದು ಪುಸ್ತಕದಲ್ಲಿ ಮೊದಲೇ ಇದೆ ಎಂದರು. ಇರಬಹುದು, ಹೊಳನಗದ್ದೆಯಲ್ಲಿ ಇರಲಿಲ್ಲ.

ಹಾಗಾಗಿ ಯೋಜನೆ ಹೀಗೆ ನಿಂತಿತು. ಕುಮಟಾದಲ್ಲಿ ರೈಲು ಹತ್ತಿದ ಮೇಲೆ ಹುಡುಗಿ ಕೊಚ್ಚಿಯವರೆಗೆ ಕೂರಲೂ ಬಾರದು.

ದೇವಿಯ ಮಾತು

ನಾನು ಟಿಕೆಟು ತೆಗೆದು ಬಂದ ಮೇಲೆ ಅಜ್ಜಿ, ದೇವಿಯ ಹತ್ತಿರ ಪ್ರಸಾದ ಕೇಳದೆ ಊರಿನ ಗಡಿ ದಾಟುವುದಿಲ್ಲ ಎಂದಳು. ನಮ್ಮ ಕಡೆ ಗ್ರಾಮದೇವತೆಯ ಪೂಜೆ ಗುನಗರದ್ದು. ದೇವಿಯ ಕಲ್ಲಿಗೆ ಒದ್ದೆ ಹೂವಿನ ಎಸಳು ಹಚ್ಚಿ ಪ್ರಶ್ನೆ ಇಟ್ಟು ಕೂರುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಮದುವೆ, ಬಾವಿ, ಕೋರ್ಟು ಎಲ್ಲಕ್ಕೂ ಇದೇ ಕ್ರಮ. ತೊಟ್ಟಿಲು ಹತ್ತುವುದಕ್ಕೆ ಕೇಳಿದವರು ಅಜ್ಜಿಗಿಂತ ಮುಂಚೆ ಯಾರೂ ಇರಲಿಕ್ಕಿಲ್ಲ.

ಅಜ್ಜಿ ಕೈಮುಗಿದು, ನಾನು ಹೋಗಬಹುದಾದರೆ ಬಲಕ್ಕೆ ಕೊಡು ಎಂದು ಕೇಳಿಕೊಂಡಳು. ಅರ್ಧ ಗಂಟೆ ಕೂತೆವು. ಎಸಳು ಎಡಕ್ಕೆ ಬಿತ್ತು.

ಆಯಿ ನಿಟ್ಟುಸಿರು ಬಿಟ್ಟಳು. ಗುನಗರು ಮಂಗಳಾರತಿ ತಟ್ಟೆ ಎತ್ತಿಕೊಂಡರು. ಅಜ್ಜಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಇನ್ನೊಂದು ಎಸಳು ಹಚ್ಚಿ ಎಂದಳು. ಈ ಸಲ ಪ್ರಶ್ನೆ ಬೇರೆ. ನಾನು ಮನೆಯಲ್ಲೇ ಉಳಿಯಬೇಕು ಎಂದಿದ್ದರೆ ಬಲಕ್ಕೆ ಕೊಡು.

ಅದೂ ಎಡಕ್ಕೇ ಬಿತ್ತು.

ಗುನಗರು ತಲೆ ಕೆರೆದುಕೊಂಡರು. ಹೋಗುವುದೂ ಬೇಡ, ಉಳಿಯುವುದೂ ಬೇಡ ಎಂದರೆ ದೇವಿಯ ಮನಸ್ಸಿನಲ್ಲಿ ಎಂತ ಇದೆಯೋ, ಬರುವ ಮಂಗಳವಾರ ಮತ್ತೆ ಕೇಳುವ ಎಂದರು. ಅಜ್ಜಿ ಆಗಲೇ ಎದ್ದು ಸೆರಗು ಕೊಡವಿಕೊಳ್ಳುತ್ತಿದ್ದಳು.

"ಹಿರಿಯರು ಕಡೆಗೆ ಹೇಳಿದ್ದೇ ಮಾತು ಗುನಗ್ರೇ. ಅವಳು ನಮ್ಗಿಂತ ಹಿರಿಯಳು."

ಭಟ್ಕಳದ ಜೋಡು

ಅಜ್ಜಿಯ ಚಪ್ಪಲಿಗೆ ಎರಡು ಕಡೆ ಪಿನ್ನು ಹಾಕಿತ್ತು. ಒಂದು ಬಾಡಿಗೆ ಮುಗಿಸಿ ಬರುವಾಗ ಅವಳನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಭಟ್ಕಳದ ಪೇಟೆಗೆ ಹೋದೆ. ಅಂಗಡಿಯ ಸಾಹೇಬರು ಒಳಗಿದ್ದ ಮಗನ ಜೊತೆ ನವಾಯತಿಯಲ್ಲಿ, ನಮ್ಮ ಜೊತೆ ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಮಾತಾಡುವ ಹಿರಿಯರು. ಹತ್ತು ಜೋಡಿ ತೆಗೆದು ಮುಂದಿಟ್ಟರು.

ಆಮೇಲೆ ಅಲ್ಲಿ ನಡೆದದ್ದು ವ್ಯಾಪಾರವಲ್ಲ, ಪರೀಕ್ಷೆ. ಅಜ್ಜಿ ಪ್ರತಿಯೊಂದನ್ನೂ ಮಗುಚಿ, ಮಡಚಿ, ಹೊಲಿಗೆ ಎಳೆದು, ಇದು ಮಳೆಗಾಲ ದಾಟುವುದಿಲ್ಲ, ಇದರ ಅಂಟು ಉಸುಕಿನಲ್ಲಿ ಬಿಡುತ್ತದೆ, ಇದು ಹಾಕಿದವ ಬೆರಳು ಎಡವಿಯೇ ಎಡವುತ್ತಾನೆ ಎಂದು ಹೇಳುತ್ತ ಹೋದಳು. ಸಾಹೇಬರು ಕನ್ನಡಕ ತೆಗೆದು, ಅಜ್ಜಿ ಯಾವ ಅಂಗಡಿಯವರು ಎಂದು ನನ್ನನ್ನು ಕೇಳಿದರು. ಅಂಗಡಿಯಿಲ್ಲ, ಕಾದು ಕಾದು ಕಲಿತದ್ದು ಎಂದೆ. ನನ್ನದನ್ನು ಕಂಡರೆ ಎಂತ ಹೇಳುತ್ತೀಯಾ ಎಂದು ಅಜ್ಜಿಯ ಮುಂದೆ ಕಾಲು ಚಾಚಿದೆ. ಕೇಳಬಾರದಿತ್ತು.

"ನಿಂದು ಹಿಂದೆ ಮಾತ್ರ ಸವೆದದೆ. ನಡೆಯೂದು ಕಮ್ಮಿ, ನಿಂತು ಬಡಾಯಿ ಕೊಚ್ಚೂದು ಜಾಸ್ತಿ."

ಸಾಹೇಬರು ನಗಲಿಲ್ಲ, ಒಳ್ಳೆಯ ಮನುಷ್ಯ. ಕಡೆಗೆ ಕಂದು ಬಣ್ಣದ ಒಂದು ಜೋಡಿ ಒಪ್ಪಿಗೆಯಾಯಿತು. ಮನೆಗೆ ಬರುವವರೆಗೆ ಅಜ್ಜಿ ಅದನ್ನು ಕಾಲಿಗೆ ಹಾಕಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು.

ಮಲಗಿದ ಪ್ರಯಾಣ

ದನಕ್ಕೆ ಹುಲ್ಲು ಹಾಕಲು ಅಪ್ಪ ಉಳಿದ. ಅಜ್ಜಿ, ಆಯಿ, ಹುಡುಗಿ, ನಾನು ರೈಲು ಹತ್ತಿದೆವು. ಹುಡುಗಿಯನ್ನು ಹತ್ತಿದ ಕೂಡಲೇ ಮಲಗಿಸಿದೆವು. ಬೆಳಿಗ್ಗೆ ಎಲ್ಲರೂ ಎದ್ದು ಕೂತರೂ ಅವಳನ್ನು ಏಳಲು ಬಿಡಲಿಲ್ಲ. ತಿಂಡಿಯನ್ನು ಆಯಿ ಮಲಗಿದಲ್ಲಿಗೇ ತಿನ್ನಿಸಿದಳು. ಎದುರು ಸೀಟಿನ ಹೆಂಗಸು ಬಹಳ ಹೊತ್ತು ನೋಡಿ, ಕೊಚ್ಚಿಯ ಯಾವ ಆಸ್ಪತ್ರೆ ಎಂದು ಹಿಂದಿಯಲ್ಲಿ ಕೇಳಿದರು. ತೊಟ್ಟಿಲು ಹತ್ತಲಿಕ್ಕೆ ಎಂದೆ. ಅವರು ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿ, ಹುಡುಗಿಯ ತಲೆಯ ಹತ್ತಿರ ಎರಡು ಬಾಳೆಹಣ್ಣು ಇಟ್ಟರು. ಅದರಲ್ಲಿ ಒಂದು ನನಗಾಗಿ ಪ್ರಾರ್ಥಿಸಿದ್ದು ಎಂದು ಆಯಿಯ ಅಂದಾಜು.

ಕೆಂಪು ಗೆರೆ

ತೊಟ್ಟಿಲಿನ ಬಾಗಿಲಲ್ಲಿ ಒಂದು ಕಂಬ, ಕಂಬಕ್ಕೆ ಕೆಂಪು ಗೆರೆ. ಹತ್ತುವ ಮುಂಚೆ ಕಾಲು ಬರಿದು ಮಾಡಬೇಕೆಂದು ಕೈಸನ್ನೆ ಮಾಡಿದರು. ನಾಲ್ವರೂ ಕಳಚಿದೆವು. ಹುಡುಗಿ ಕಂಬಕ್ಕೆ ಬೆನ್ನು ಕೊಟ್ಟು, ಹಿಮ್ಮಡಿ, ಉಸಿರು, ನೆತ್ತಿ ಮೂರನ್ನೂ ಸರಿಮಾಡಿ ನಿಂತಳು. ಗೆರೆ ದಾಟಿತ್ತು. ಇಡೀ ಊರು ಬೆಳೆಸಿದ ಹುಡುಗಿ ಅದು. ನಾನು ಮೀಸೆ ಮುಟ್ಟಿಕೊಂಡೆ.

ಅವಳ ಹಿಂದೆ ಅಜ್ಜಿ ಹೆಜ್ಜೆ ಇಟ್ಟಳು. ಬಾಗಿಲಿನವ ಕೈ ಅಡ್ಡ ಹಿಡಿದ.

ಅವನು ಬೈಯಲಿಲ್ಲ, ಗದರಲಿಲ್ಲ. ಕೆಂಪು ಗೆರೆ ತೋರಿಸಿದ, ಅಜ್ಜಿಯ ತಲೆ ತೋರಿಸಿದ. ತಲೆ ಗೆರೆಗಿಂತ ಒಂದು ಗೇಣು ಕೆಳಗಿತ್ತು. ಗದ್ದೆಯಲ್ಲಿ ಬಗ್ಗಿ ಭತ್ತದ ಸಸಿ ನೆಟ್ಟ ಬೆನ್ನು, ನಾನು ಹುಟ್ಟುವ ಮುಂಚೆಯೇ ಬಗ್ಗಿದ್ದು. ಅವಳ ವಯಸ್ಸು ಕೇಳಿದ್ದೆ, ಎದೆ ಕೇಳಿದ್ದೆ, ಬಿ.ಪಿ. ಕೇಳಿದ್ದೆ, ದೇವಿಯನ್ನೂ ಕೇಳಿ ಆಗಿತ್ತು. ಕುಂಕುಮದ ಗೆರೆಯ ಬಾಗಿಲಲ್ಲಿ ಅಜ್ಜಿ ದಿನಕ್ಕೆ ಐವತ್ತು ಸಲ ಓಡಾಡಿದ್ದಳು. ಅವಳನ್ನು ಅಳೆಯಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.



"ಆತು ಬಿಡು. ನಾ ಚಪ್ಪಲಿ ಕಾಯ್ತೆ, ನೀವು ಹೋಯ್ ಬನ್ನಿ" ಎಂದು ಅಜ್ಜಿ ಆ ರಾಶಿಯ ಕಡೆ ತಿರುಗಿಯೂ ಆಗಿತ್ತು. ಎಷ್ಟು ಸಲೀಸಾಗಿ ತಿರುಗಿದಳೆಂದರೆ, ಅವಳು ಮೊದಲಿಂದಲೂ ಇದಕ್ಕೆ ತಯಾರಾಗಿಯೇ ಬಂದಿದ್ದಳು ಎಂದು ಗೊತ್ತಾಗುತ್ತಿತ್ತು.

ಹುಡುಗಿ ಸರಪಳಿ ನುಸುಳಿ ಹೊರಗೆ ಬಂದಳು. ಅಜ್ಜಿಯ ಎರಡೂ ಭುಜ ಹಿಡಿದು ಕಂಬಕ್ಕೆ ಆನಿಸಿದಳು.

"ಅಜ್ಜೀ, ಹಿಮ್ಮಡಿ ಗೋಡೆಗೆ."

ಅಜ್ಜಿ ಹಿಮ್ಮಡಿ ಹಚ್ಚಿದಳು.

"ಉಸಿರು ಒಳಗೆ."

ಎಳೆದುಕೊಂಡಳು. ಬೆನ್ನಿನ ಒಳಗೆ ಎಲ್ಲೋ ಲಟ್ಟೆಂದಿತು. ಆಯಿ ಬೇಡ ಅತ್ತೆ ಎನ್ನುತ್ತ ಮುಂದೆ ಬಂದಳು. ಅಜ್ಜಿ ಅವಳನ್ನು ಕಣ್ಣಿನಲ್ಲೇ ನಿಲ್ಲಿಸಿದಳು.

"ನೆತ್ತಿ ಆಕಾಶಕ್ಕೆ."

ಅಜ್ಜಿ ಎದ್ದಳು. ನಿಧಾನಕ್ಕೆ, ಒಂದೊಂದೇ ಗಂಟು ಬಿಚ್ಚಿದ ಹಾಗೆ. ಅವಳ ಮುಖವನ್ನು ನಾನು ಯಾವಾಗಲೂ ಮೇಲಿನಿಂದಲೇ ನೋಡಿದ್ದೆ, ಅಂದು ಎದುರಿಗೆ ನೋಡಿದೆ. ಅವಳ ಕಿವಿಗಳು ನನ್ನವೇ. ನೆತ್ತಿ ಗೆರೆಗೆ ಎರಡು ಬೆರಳು ಕಮ್ಮಿ ಬಿತ್ತು. ಆದರೆ ಆಯಿ ಬೆಳಿಗ್ಗೆ ನೆತ್ತಿಯ ಮೇಲೆ ಎತ್ತಿ ಕಟ್ಟಿದ್ದ ತುರುಬು, ತುರುಬಿನ ಮೇಲೆ ಕೇಸರಿ ಅಬ್ಬಲಿಗೆ ಹೂವಿನ ದಂಡೆ. ಆ ದಂಡೆ ಕೆಂಪು ಗೆರೆಯನ್ನು ಮುಟ್ಟಿತು.

ಬಾಗಿಲಿನವ ಹೂವು ನೋಡಿದ, ಗೆರೆ ನೋಡಿದ, ಉಸಿರು ಹಿಡಿದು ನಿಂತ ಅಜ್ಜಿಯನ್ನು ನೋಡಿದ. ಆಮೇಲೆ ಆಚೆ ಈಚೆ ನೋಡಿ ಸರಪಳಿ ತೆಗೆದ.

ಅಜ್ಜಿ, ಹುಡುಗಿ, ಆಯಿ ಒಂದು ಕುರ್ಚಿಯಲ್ಲಿ ಕೂತರು. ನಾಲ್ಕನೇ ಜಾಗ ನನ್ನದು. ನಾನು ಹೆದರಿ ಹತ್ತಲಿಲ್ಲ ಎಂದು ಆಯಿ ಈಗಲೂ ಊರೆಲ್ಲ ಹೇಳುತ್ತಾಳೆ. ಸುಳ್ಳು. ನೆಲದ ಮೇಲೆ ನಾಲ್ಕು ಜೋಡಿ ಚಪ್ಪಲಿ ಬಿದ್ದಿತ್ತು, ಅದರಲ್ಲಿ ಒಂದು ಹೊಚ್ಚ ಹೊಸದು. ಯಾರಾದರೂ ಕಾಯಬೇಕಲ್ಲ?

ಮೊದಲ ಸುತ್ತು ಕೆಳಗೆ ಬಂದಾಗ ಅಜ್ಜಿ ನನ್ನನ್ನು ನೋಡಲಿಲ್ಲ, ಚಪ್ಪಲಿ ರಾಶಿಯನ್ನು ನೋಡಿದಳು. ಎರಡನೇ ಸುತ್ತಿನಲ್ಲೂ ಅಷ್ಟೆ. ಮೂರನೇ ಸುತ್ತಿನಲ್ಲಿ ಅವಳ ಮುಖ ಮೇಲಕ್ಕೆ ತಿರುಗಿತ್ತು, ಆಮೇಲೆ ಕೆಳಗೆ ಬರಲೇ ಇಲ್ಲ. ನಾನು ಮೊಬೈಲು ಎತ್ತಿದೆ. ಫೋಟೋ ಬಂದಿದೆ. ಆಕಾಶ, ಸರಳು, ಸರಳಿನ ಹಿಂದೆ ಅಬ್ಬಲಿಗೆ ಬಣ್ಣದ ಒಂದು ಚುಕ್ಕೆ. ಅದೇ ಅಜ್ಜಿ.

ಮೊಬೈಲು ಇಳಿಸುವಷ್ಟರಲ್ಲಿ ಒಂದು ಶಾಲೆಯ ಮಕ್ಕಳ ಸಾಲು ನನ್ನ ಕಾಲಡಿಯಿಂದಲೇ ಓಡಿ ಹೋಯಿತು. ಎಣಿಸಿದೆ. ಏಳು ಚಪ್ಪಲಿ. ಇನ್ನೊಮ್ಮೆ ಎಣಿಸಿದೆ. ಏಳೇ. ಭಟ್ಕಳದ ಕಂದು ಜೋಡಿನ ಎಡಗಾಲಿನದು ಇಲ್ಲ.

ಅಜ್ಜಿ ಇಳಿದು ಬಂದಳು. ಬಲಗಾಲು ಹಾಕಿದಳು. ಎಡಗಾಲು ಗಾಳಿಯಲ್ಲಿ ನಿಂತಿತು. ರಾಶಿ ನೋಡಿದಳು, ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಮೊಬೈಲು ನೋಡಿದಳು.

"ನಲವತ್ತು ವರ್ಷ ಕಾದೆ, ಒಂದು ಕಳೀಲಿಲ್ಲ. ನಿಂಗೆ ಐದು ಸುತ್ತು ಕಾಯೂಕೆ ಆಗ್ಲಿಲ್ಲ."

ಬಲಗಾಲಿನದನ್ನೂ ಕಳಚಿ ತೆಗೆದು ನನ್ನ ಕೈಗೆ ಕೊಟ್ಟಳು. ಬೆನ್ನು ಮತ್ತೆ ಹಳೆಯ ಹಾಗೆ ಬಗ್ಗಿತ್ತು. ಹುಡುಗಿಯ ಕೈ ಹಿಡಿದು ಕಂಬದ ಕಡೆ ತಿರುಗಿದಳು.

"ಈ ಒಂದನ್ನಾದ್ರೂ ಸರೀ ಕಾಯಿ. ನಾ ಇನ್ನೊಂದ್ ಸಲ ಹತ್ತಿ ಬತ್ತೆ."