ಚಿತ್ರ ನೋಡಿದರೆ ಏನನ್ನಿಸುತ್ತೆ?

ಚಿತ್ರ ತೋರಿಸಿ "ಏನನ್ನಿಸುತ್ತೆ?" ಎಂದು ಕೇಳುವುದು ನನ್ನ ಕೆಲಸ. ಬಂದ ಉತ್ತರಗಳನ್ನು ತಡೆದುಕೊಳ್ಳುವುದೂ ನನ್ನ ಕೆಲಸವೇ. ಚೆನ್ನೈನ ಪುರಸೈವಾಕ್ಕಂನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಿಸ್ ಆಗಿ ಕೂದಲು ಹಣ್ಣಾಯಿತು, ವಿಚಿತ್ರ ಉತ್ತರಗಳು ಮಾತ್ರ ನಿಂತಿಲ್ಲ.

ಚಿತ್ರ ನೋಡುವುದಕ್ಕೆಂದೇ ವಾರಕ್ಕೊಂದು ಪೀರಿಯಡ್ ಇದೆ. ಜಗಳವಾಡಿ ಪಡೆದದ್ದು. ಈ ವರ್ಷ ಅದರ ಮೇಲೆ ಲೆಕ್ಕದ ಮೇಷ್ಟ್ರ ಕಣ್ಣು ಬಿತ್ತು. "ಒಂದ್ಸಲ ಕ್ಲಾಸಿಗೆ ಬಂದು ನೋಡಿ ಹೇಳ್ತೀನಿ" ಎಂದರು ಹೆಡ್‌ಮಾಸ್ಟರು. ಅವರೂ ಕನ್ನಡದವರೇ, ಆದರೆ ಅದರಿಂದ ನನಗೆ ಲಾಭವೇನೂ ಆಗಿಲ್ಲ. ಪೀರಿಯಡ್ ಹೋದರೆ ನನಗುಳಿಯುವುದು ಸೇಬು, ಮಡಕೆ ಬರೆಸುವುದು. ನಿಜಕ್ಕೂ ಹೆದರಿದ್ದೆ.

ಟ್ಯೂಷನ್ ಆನಂದ

ಪರೀಕ್ಷೆಗೆ ಬಿರುಗಾಳಿಯಲ್ಲಿ ಮುಳುಗುವ ದೋಣಿಯ ಚಿತ್ರ ಕೊಟ್ಟೆ. ಇಡೀ ಕ್ಲಾಸು ಒಂದೇ ಸಾಲು ಬರೆದಿತ್ತು: "ನನ್ನ ಮನಸ್ಸು ಆನಂದದಿಂದ ತುಂಬಿತು."

"ಅಲ್ಲಪ್ಪಾ, ಜನ ಮುಳುಗ್ತಾ ಇದ್ದಾರೆ, ನಿನಗೆ ಆನಂದವಾ?" ಎಂದು ಒಬ್ಬನನ್ನು ಕೇಳಿದೆ.

"ಯಾವ ಚಿತ್ರ ಬಂದ್ರೂ ಇದನ್ನೇ ಬರೀರಿ ಅಂತ ಟ್ಯೂಷನ್ ಸಾರ್ ಹೇಳಿದ್ರು ಮಿಸ್. ಮುಳುಗೋರಿಗೆ ಬೇರೆ ಆನ್ಸರ್ ಕೊಟ್ಟಿಲ್ಲ."

ಐದಕ್ಕೆ ಮೂರು

ಮಾರನೇ ದಿನ, ಅದೇ ಚಿತ್ರಕ್ಕೆ ದುಃಖ ಬರೆದಿದ್ದ ಬೇರೆ ಕ್ಲಾಸಿನ ಹುಡುಗಿಯ ತಾಯಿ ಗೇಟಿನಲ್ಲೇ ಹಿಡಿದರು. "ಏನ್ ಮಿಸ್, ನನ್ ಮಗಳ ದುಃಖಕ್ಕೆ ಐದಕ್ಕೆ ಮೂರೇನಾ? ಪಕ್ಕದ್ಮನೆ ಹುಡುಗಿಗೆ ನಾಲ್ಕು!"

"ಅವಳು ಮನಸ್ಸಿಟ್ಟು ಬರೆದಿದ್ದಾಳಮ್ಮ."

ಮಗಳು "ವಿಡುಮ್ಮಾ" ಎಂದು ತಮಿಳಿನಲ್ಲಿ ಸೆರಗು ಎಳೆಯುತ್ತಿದ್ದಳು. ತಾಯಿ ಬಿಡಲಿಲ್ಲ. "ಮನೆಗೆ ಬಂದು ನೋಡಿ ಮಿಸ್. ನಮ್ಮದು ಅವಳಿಗಿಂತ ಡಬಲ್ ಅಳುತ್ತೆ!"

ವಾದ ಮಾಡುವ ಶಕ್ತಿ ಇರಲಿಲ್ಲ. ನಾಲ್ಕು ಹಾಕಿ ಒಳಗೆ ಹೋದೆ.

ಮನೆಯಲ್ಲೂ ಅದೇ

ನಮ್ಮ ಯಜಮಾನರು ಇನ್ಶೂರೆನ್ಸ್ ಆಫೀಸಿನಲ್ಲಿದ್ದವರು. ಸಮುದ್ರದ ದಡದ ಒಂಟಿ ಗುಡಿಸಲ ಚಿತ್ರ ತೋರಿಸಿ, "ಏನನ್ನಿಸುತ್ತೆ ಹೇಳಿ?" ಎಂದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನಗೂ ಆಸೆ ಹುಟ್ಟಿತು.

"ಇದಕ್ಕೆ ಪಾಲಿಸಿ ಕೊಡಕ್ಕಾಗಲ್ಲ ಕಣೇ" ಎಂದರು.

ಹೆಡ್‌ಮಾಸ್ಟರು ಬಂದರು

ಕೊನೆಗೆ ಆ ದಿನ ಬಂತು. ಸುಡುಬಿಸಿಲು. ಬೆಳಗಿನಿಂದ ಪೋಷಕರ ಜೊತೆ ಕೂಗಾಡಿ ಬಂದಿದ್ದ ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕುಸಿದು ಕೂತರು. ನಾನು ಗೋಡೆಗೆ ಹಾಕಿದ್ದ ಚಿತ್ರದಲ್ಲಿ ಬೇವಿನ ಮರ, ನೆರಳಿನಲ್ಲಿ ಹಗ್ಗದ ಮಂಚ, ಅದರ ಮೇಲೆ ಮುಖಕ್ಕೆ ಟವೆಲ್ ಹೊದ್ದು ಮಲಗಿದ ಒಬ್ಬ ಮನುಷ್ಯ.

"ಯಾರೂ ಮಾತಾಡಬೇಡಿ. ಸುಮ್ಮನೆ ನೋಡಿ, ನಿಮ್ಮೊಳಗೆ ಏನಾಗುತ್ತೆ ಗಮನಿಸಿ" ಎಂದೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗೊರಕೆ ಕೇಳಿಸಿತು. ಬಾಗಿಲಲ್ಲಿ ಲೆಕ್ಕದ ಮೇಷ್ಟ್ರು ಇಣುಕಿ ನಕ್ಕರು. ನನ್ನ ಪೀರಿಯಡ್ ಮುಗಿಯಿತು ಎಂದುಕೊಂಡೆ.

ಮುಂದಿನ ಸಾಲಿನ ಹುಡುಗಿ ಪಿಸುಗುಟ್ಟಿದಳು: "ಮಿಸ್, ಸಾರ್‌ಗೆ ಫೀಲಿಂಗ್ ಬಂದ್ಬಿಡ್ತು!"

ಎಂದೂ ಬಾಯಿ ಮುಚ್ಚದ ಕ್ಲಾಸು ಅಂದು ಉಸಿರು ಬಿಗಿಹಿಡಿದು ಕೂತಿತು. ಯಾರೋ ಎದ್ದು ಫ್ಯಾನ್ ಜೋರು ಮಾಡಿದರು.

ಬೆಲ್ ಹೊಡೆದಾಗ ಹೆಡ್‌ಮಾಸ್ಟರು ಎದ್ದು ಮುಖ ಒರೆಸಿಕೊಂಡರು, ಚಿತ್ರವನ್ನು ಮತ್ತೊಮ್ಮೆ ನೋಡಿದರು. "ಪೀರಿಯಡ್ ನಿಮಗೇ ಇರಲಿ ಮಿಸ್" ಎಂದರು. ನನಗೆ ಅಳುವೇ ಬಂತು.

ಬಾಗಿಲವರೆಗೆ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು. "ಆದ್ರೆ ಇದನ್ನ ಊಟ ಆದ್ಮೇಲಿನ ಪೀರಿಯಡ್‌ಗೆ ಹಾಕ್ಕೊಳ್ಳಿ. ವಾರಾ ವಾರಾ ನಾನೂ ಬರ್ತೀನಿ. ಚಿತ್ರ ಮಾತ್ರ ಬದಲಾಯಿಸ್ಬೇಡಿ."