ಪೀನ ಬೇಡಿದರೆ ನಿಮ್ನ ದಯಪಾಲಿಸಿದವರಿಗೆ

ಮಾನ್ಯ ಎಂಜಿನಿಯರ್ ಸಾಹೇಬರೇ, ರಸ್ತೆಗಳಿಗೂ ಅವುಗಳ ವಕ್ರತೆಗಳಿಗೂ ಒಡೆಯರೇ,

ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿಯೂ ತಮ್ಮಷ್ಟು ಗಣಿತ ಕಲಿಯಲಾಗದ ನಾಗಮಣಿಯ ಸಾಷ್ಟಾಂಗ ನಮಸ್ಕಾರಗಳು.

ಮಳವಳ್ಳಿ ರಸ್ತೆಯಲ್ಲಿ ನಮ್ಮೂರಿನ ತಿರುವು ಎದುರಿನ ವಾಹನವನ್ನು ಕಾಣಗೊಡದು. ಕಳೆದ ವರ್ಷ ಅಲ್ಲಿಯೇ ಕಬ್ಬಿನ ಟ್ರ್ಯಾಕ್ಟರ್ ತಗುಲಿ ನನ್ನ ಒಂಬತ್ತನೇ ತರಗತಿಯ ಕುಸುಮಳ ಕಾಲು ಮುರಿಯಿತು. ಅಲ್ಲೊಂದು ಪೀನ ಕನ್ನಡಿ ಬೇಕೆಂದು ಅರ್ಜಿ ಬರೆದೆ. ತಮಗೆ ಶ್ರಮವಾಗದಿರಲೆಂದು, ನೋಡುವವರ ಕಡೆಗೆ ಉಬ್ಬಿದ್ದು ಪೀನ, ತಗ್ಗಿದ್ದು ನಿಮ್ನ ಎಂದು ಚಿತ್ರ ಬರೆದೂ ವಿವರಿಸಿದೆ. ತಾವು ಎರಡನ್ನೂ ಪರಿಶೀಲಿಸಿ, ಎರಡನೆಯದೇ ಚೆಂದವೆಂದು ನಿಮ್ನ ಕನ್ನಡಿಯನ್ನೇ ವಿಶೇಷವಾಗಿ ಮಾಡಿಸಿ ಕಂಬಕ್ಕೇರಿಸಿದಿರಿ.

ಮೊದಲ ದಿನವೇ ಬಸ್ಸಿನ ಚಾಲಕ ಕೆಂಪರಾಜು ಕನ್ನಡಿ ನೋಡಿ ಬ್ರೇಕು ತುಳಿದು ಕಂಡಕ್ಟರನಿಗೆ ಕೂಗಿದ: "ಅಯ್ಯಯ್ಯೋ, ಎದ್ರುಗಡೆ ಲಾರಿ ತಲೆಕೆಳ್ಗಾಗಿ ಬತ್ತಾ ಅದೆ ಕಣ್ಲಾ!" ಮೂರನೆಯ ದಿನದ ಮಧ್ಯಾಹ್ನ ಆ ಕನ್ನಡಿ ಬಿಸಿಲನ್ನೆಲ್ಲ ಒಂದೇ ಬಿಂದುವಿಗೆ ಒಟ್ಟುಗೂಡಿಸಿ, ಪಕ್ಕದ ಅಂಕಮ್ಮನ ಹುಲ್ಲಿನ ಮೆದೆಗೆ ಬೆಂಕಿ ಹೊತ್ತಿಸಿತು. ಊರೆಲ್ಲ ಬಿಂದಿಗೆ ಹಿಡಿದು ಓಡಿತು. ಮೆದೆಯ ಪಕ್ಕ ಕಟ್ಟಿದ್ದ ಎಮ್ಮೆ ಉಳಿಯಿತು, ಮೆದೆ ಅರ್ಧ ಉಳಿಯಿತು. "ಬೆಂಕಿಕಡ್ಡಿ ಗೀರ್ದವ್ರು ಯಾರೂ ಇಲ್ಲ, ಎಂಗ್ ಅತ್ಕತು ಮೇಡಮ್ಮೋರೇ?" ಎಂದು ಆಕೆ ಕೇಳಿದಾಗ ಕನ್ನಡಿಯನ್ನು ತೋರಿಸಿ ತಪ್ಪೊಪ್ಪಿಕೊಂಡೆ. ಅರ್ಜಿ ಬರೆದವಳು ನಾನೇ ತಾನೆ.

ಮರುದಿನ ಚಮಚವೊಂದನ್ನು ಹಿಡಿದು ತಮ್ಮ ಕಚೇರಿಗೆ ಬಂದು, ಅದರ ಒಳಮೈ ಹೊರಮೈ ಎರಡನ್ನೂ ತೋರಿಸಿದೆ. ತಾವು ಅಪ್ಪಣೆ ಕೊಡಿಸಿದಿರಿ: "ಕನ್ನಡಿ ಹಿಂದ್ಗಡೆ ನಿಂತ್ಕೊಂಡು ನೋಡಿ ಮೇಡಂ, ಪೀನನೇ ಕಾಣುತ್ತೆ." ಆಹಾ! ಒಂದೇ ವಕ್ರರೇಖೆ ಒಂದು ಬದಿಗೆ ಪೀನ, ಇನ್ನೊಂದು ಬದಿಗೆ ನಿಮ್ನ ಎಂಬ ಸತ್ಯವನ್ನು ಇಷ್ಟು ಅಗ್ಗವಾಗಿ ಯಾರು ಬಳಸಿಕೊಂಡಾರು! ಆದಕಾರಣ ಬಸ್ಸು ಲಾರಿಗಳೆಲ್ಲ ಇನ್ನು ಗದ್ದೆಗಿಳಿದು ಕನ್ನಡಿಯ ಬೆನ್ನ ಹಿಂದಿನಿಂದಲೇ ಸಾಗತಕ್ಕದ್ದೆಂದು ಆದೇಶ ಹೊರಡಿಸಿ, ಅದರ ಒಂದು ಪ್ರತಿಯನ್ನು ಸೂರ್ಯನಿಗೂ ಕಳಿಸಬೇಕೆಂದು ಬೇಡುತ್ತೇನೆ.

ಅಲ್ಲಿಯವರೆಗೆ ಅಂಕಮ್ಮ ಕನ್ನಡಿಗೆ ಗೋಣಿಚೀಲ ಕಟ್ಟಿಸಿದ್ದಾರೆ. ಶಾಲೆ ಬಿಡುವ ಹೊತ್ತಿಗೆ ಅವರೇ ತಿರುವಿನಲ್ಲಿ ನಿಂತು, "ತಡೀಲಾ ಕೆಂಪರಾಜು, ಮಕ್ಳು ದಾಟ್ಲಿ!" ಎಂದು ಕೈ ಅಡ್ಡ ಹಿಡಿಯುತ್ತಾರೆ. ಮೊನ್ನೆ ಕುಸುಮ ಅಲ್ಲಿ ಯಾರ ಕೈಯನ್ನೂ ಹಿಡಿಯದೆ ದಾಟಿದಳು.

ಕನ್ನಡಿಯ ಮುಂದೆಯೇ ಬದುಕಬೇಕಾದ,
ತಮ್ಮ ವಿಶ್ವಾಸಿ,
ನಾಗಮಣಿ

ಮರೆತಿದ್ದೆ: ಗೋಣಿಚೀಲ ಕಟ್ಟಿದ್ದಕ್ಕೆ ಕಾರಣ ಕೇಳಿ ತಾವು ಕಳಿಸಿದ ನೋಟೀಸು ಇಂದು ತಲುಪಿತು. ಅದರಲ್ಲಿ 'ಪೀನ ಕನ್ನಡಿ' ಎಂಬುದು 'ಹೀನ ಕನ್ನಡಿ' ಎಂದು ಅಚ್ಚಾಗಿದೆ. ತಪ್ಪು ತಿದ್ದುವುದೇ ನನ್ನ ಕಸುಬಾದರೂ, ತಮ್ಮ ಕಚೇರಿಯಿಂದ ಮೊದಲ ಬಾರಿಗೆ ಹೊರಬಿದ್ದ ಸರಿಯಾದ ಪದಕ್ಕೆ ಕೆಂಪು ಶಾಯಿ ಹಚ್ಚಲು ಮನಸ್ಸಾಗಲಿಲ್ಲ.